ಸಾಲ್ಮನ್ ಒಣಗಿತು, ಬೆಣ್ಣೆ ಕರಟಿತು: ತಪ್ಪಿದ್ದು ಎಲ್ಲಿ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಮನೆ ಉಪ್ಪಳದ ಹತ್ತಿರ. ಮಗ ದುಬೈಯಿಂದ ರಜೆಯಲ್ಲಿ ಬಂದಿದ್ದಾನೆ. ಅಲ್ಲಿ ಹೋಟೆಲಿನಲ್ಲಿ ತಿಂದ ಸಾಲ್ಮನ್, ಅದಕ್ಕೆ ಸೊಪ್ಪು ಹಾಕಿದ ಬೆಣ್ಣೆಯ ಸಾಸ್, ಅದೇ ಬೇಕಂತೆ. ಮಂಗಳೂರಿನಿಂದ ಫ್ರೋಜನ್ ಸಾಲ್ಮನ್ ತರಿಸಿ, ಅಂಜಲ್ ಕಾಯಿಸುವ ಹಾಗೇ ಉಪ್ಪು, ಅರಸಿನ, ನಿಂಬೆಹುಳಿ ಹಚ್ಚಿ ಒಂದು ಗಂಟೆ ಇಟ್ಟು ಬೆಣ್ಣೆಯಲ್ಲಿ ಕಾಯಿಸಿದೆ. ಬೆಣ್ಣೆ ಕಪ್ಪಾಯಿತು. ಮೀನಿನ ಮೈಮೇಲೆ ಬಿಳಿಬಿಳಿ ಮೊಸರಿನಂಥದ್ದು ಬಂತು, ಒಳಗೆಲ್ಲ ಒಣಕಲು. ಸಾಸ್ ಒಡೆದು ಎಣ್ಣೆಯೇ ಬೇರೆ ನೀರೇ ಬೇರೆ ಆಯಿತು. ಇನ್ನು ಎರಡು ತುಂಡು ಫ್ರೀಜರಿನಲ್ಲಿ ಇವೆ. ಪಾರ್ಸ್ಲಿ, ಡಿಲ್ ಎಲ್ಲ ನಮಗೆ ಎಲ್ಲಿ ಸಿಗಬೇಕು? ಮನೆಯ ಬೆಣ್ಣೆ ಆಗುತ್ತದಾ, ಪೇಟೆಯದ್ದೇ ಬೇಕಾ? ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ಅಕ್ಕಾ, ನಿಮಗೆ ಮೀನು ಕಾಯಿಸಲು ಚೆನ್ನಾಗಿಯೇ ಬರುತ್ತದೆ. ತೊಂದರೆ ಆದದ್ದೂ ಅದರಿಂದಲೇ. ಮೊದಲೇ ಹುಳಿ ಹಚ್ಚುವುದು, ಉರಿ ಜೋರು ಇಡುವುದು, ಹೊರಗೆ ಗರಿಗರಿ ಆಗುವವರೆಗೆ ಬಿಡುವುದು. ಅಂಜಲಿಗೆ, ಬಂಗುಡೆಗೆ ಇವೆಲ್ಲ ಸರಿ. ಸಾಲ್ಮನ್‌ಗೆ ಒಂದೂ ಸರಿ ಬರುವುದಿಲ್ಲ. ಇನ್ನು ಆ ಸಾಸ್. ಮೀನಿಗೆ ಬೇಕಾದ ಬಿಸಿ ಬೇರೆ, ಬೆಣ್ಣೆ ತಡೆಯುವ ಬಿಸಿ ಬೇರೆ, ಸೊಪ್ಪಿಗಂತೂ ಬಿಸಿಯೇ ಆಗದು. ಎಲ್ಲವನ್ನೂ ಒಂದೇ ಕಾವಲಿಯಲ್ಲಿ ಒಟ್ಟಿಗೆ ಮಾಡಲು ಹೋದರೆ ಒಂದಲ್ಲ ಒಂದು ಕೆಟ್ಟೇ ಕೆಡುತ್ತದೆ. ಬೇರೆ ಬೇರೆ ಮಾಡಿ, ತಟ್ಟೆಯಲ್ಲಿ ಸೇರಿಸಿ. ಇಷ್ಟು ಒಪ್ಪಿಕೊಂಡರೆ ಉಳಿದದ್ದು ಸುಲಭ.

ಮೊದಲು ಫ್ರೀಜರಿನಲ್ಲಿರುವ ಆ ಎರಡು ತುಂಡುಗಳ ವಿಷಯ. ಅದು ನಿಜವಾಗಿ ಸಾಲ್ಮನ್ ಹೌದಾ ಅಂತ ಒಮ್ಮೆ ನೋಡಿ. ನಮ್ಮ ಕರಾವಳಿಯ ರಾವಸ್ ಮೀನನ್ನು ‘ಇಂಡಿಯನ್ ಸಾಲ್ಮನ್’ ಅಂತ ಲೇಬಲ್ ಹಚ್ಚಿ ಮಾರುವುದು ಮಾಮೂಲು. ರಾವಸ್ ಒಳ್ಳೆಯ ಮೀನೇ, ಆದರೆ ಜಾತಿ ಬೇರೆ, ಮಾಂಸವೂ ಬಿಳಿ. ಅಸಲಿ ಸಾಲ್ಮನ್ ನಮ್ಮ ಸಮುದ್ರದಲ್ಲಿ ಇಲ್ಲವೇ ಇಲ್ಲ. ನಮ್ಮಲ್ಲಿಗೆ ಬರುವುದು ಹೆಚ್ಚಾಗಿ ನಾರ್ವೆಯಂಥ ತಣ್ಣನೆ ಸಮುದ್ರದ ದೇಶಗಳಲ್ಲಿ ಸಾಕಿದ ಅಟ್ಲಾಂಟಿಕ್ ಸಾಲ್ಮನ್. ಮಾಂಸ ಕಿತ್ತಳೆ ಬಣ್ಣ, ನಡುವೆ ಬಿಳಿ ಗೆರೆಗಳು. ಆ ಬಣ್ಣ ಆಸ್ಟಾಕ್ಸಾಂಥಿನ್ ಎಂಬ ವಸ್ತುವಿನದ್ದು. ಕಾಡು ಸಾಲ್ಮನ್‌ಗೆ ಅದು ಸಿಗಡಿ ಜಾತಿಯ ಸಣ್ಣ ಜೀವಿಗಳಿಂದ ಸಿಗುತ್ತದೆ, ಸಾಕಿದ ಮೀನಿಗೆ ತಿಂಡಿಯಲ್ಲೇ ಸೇರಿಸಿ ಕೊಡುತ್ತಾರೆ. ಹಾಗಾಗಿ ಬಣ್ಣ ಗಾಢ ಇದ್ದ ಮಾತ್ರಕ್ಕೆ ಮೀನು ತಾಜಾ ಅಂತ ತಿಳಿಯಬೇಡಿ. ತಾಜಾತನಕ್ಕೆ ಮೂಗನ್ನೇ ನಂಬಿ. ಒಳ್ಳೆಯ ಸಾಲ್ಮನ್‌ಗೆ ವಾಸನೆ ಬಹಳ ಕಡಿಮೆ. ಹಳೆ ಎಣ್ಣೆಯ ಕಮಟು ಬಂದರೆ ಕೊಬ್ಬು ಕೆಟ್ಟಿದೆ ಅಂತ ಅರ್ಥ. ಯಾವ ಸಾಸ್ ಹಾಕಿದರೂ ಅದು ಮುಚ್ಚುವುದಿಲ್ಲ.

ಕೊಬ್ಬಿನ ಮಾತು ಬಂತಲ್ಲ, ಅದನ್ನು ಸ್ವಲ್ಪ ಹೇಳಬೇಕು. ಸಾಕಿದ ಅಟ್ಲಾಂಟಿಕ್ ಸಾಲ್ಮನ್‌ನಲ್ಲಿ 100 ಗ್ರಾಂಗೆ ಸುಮಾರು 13 ಗ್ರಾಂ ಕೊಬ್ಬು ಇರುತ್ತದೆ. ಮಳೆಗಾಲ ಮುಗಿದ ಮೇಲೆ ಬರುವ ನೆಯ್ಯಿಳಿಯುವ ಬೂತಾಯಿ ಇದೆಯಲ್ಲ, ಆ ತರಹದ ಮೀನು ಅಂತ ಇಟ್ಟುಕೊಳ್ಳಿ. ಇಂಥ ಮೀನಿನ ಮೇಲೆ ಬರೀ ಬೆಣ್ಣೆ ಸುರಿದರೆ ನಾಲ್ಕು ತುತ್ತಿಗೆ ಬಾಯಿ ಕಟ್ಟುತ್ತದೆ. ಹೋಟೆಲಿನ ಸಾಸ್ ಖಡಕ್ ಅನಿಸುವುದು ಬೆಣ್ಣೆ ಜಾಸ್ತಿ ಹಾಕಿದ್ದಕ್ಕೆ ಅಂತ ತುಂಬ ಜನ ತಿಳಿದಿದ್ದಾರೆ. ಅಲ್ಲಿ ಕೆಲಸ ಮಾಡುವುದು ಹುಳಿ, ಆಮೇಲೆ ಹಸಿ ಸೊಪ್ಪಿನ ಘಮ. ಬೆಣ್ಣೆ ಅವೆರಡನ್ನೂ ಹೊತ್ತು ತರುತ್ತದೆ, ಅಷ್ಟೇ.

ಈಗ ಕರಗಿಸುವುದು. ಹಿಂದಿನ ರಾತ್ರಿ ಫ್ರೀಜರಿನಿಂದ ತೆಗೆದು ಫ್ರಿಜ್ಜಿನ ಕೆಳಗಿನ ತಟ್ಟಿನಲ್ಲಿ ಇಡಿ. ಗಾಳಿ ತೆಗೆದು ಸೀಲ್ ಮಾಡಿದ ಪ್ಯಾಕೆಟ್ ಆಗಿದ್ದರೆ ಕರಗುವ ಮೊದಲೇ ಕತ್ತರಿಸಿ ಬಿಡಿಸಿ, ಒಂದು ತಟ್ಟೆಯಲ್ಲಿ ಇಟ್ಟು ಮುಚ್ಚಿ. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಬೊಟುಲಿಸಂ ಎಂಬ ಜೀವಕ್ಕೇ ಅಪಾಯದ ಆಹಾರವಿಷ ತರುವ ಬ್ಯಾಕ್ಟೀರಿಯಾದ ಒಂದು ಬಗೆ ಫ್ರಿಜ್ಜಿನ ತಂಪಿನಲ್ಲೂ ಬೆಳೆಯಬಲ್ಲದು, ಅದಕ್ಕೆ ಗಾಳಿ ಇಲ್ಲದ ಜಾಗವೇ ಬೇಕು. ಪ್ಯಾಕೆಟ್ ತೆರೆದರೆ ಆ ಭಯ ಇಲ್ಲ. ಬಿಸಿನೀರಿಗೆ ಹಾಕಿ ಕರಗಿಸುವುದು ಬೇಡ. ಹೊರಗಿನ ಪದರ ಅಲ್ಲೇ ಬೆಂದು ಹೋಗುತ್ತದೆ, ಒಳಗೆ ಇನ್ನೂ ಮಂಜುಗಡ್ಡೆ. ಮುಂದಿನ ಸಲ ಮಂಗಳೂರಿನಿಂದ ತರಿಸುವಾಗ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸ್ ಹಾಕಿಸಿ. ಬಸ್ಸಿನಲ್ಲಿ ತಲಪಾಡಿ ದಾಟುವಷ್ಟರಲ್ಲಿ ಅರ್ಧ ಕರಗಿ, ಮನೆಗೆ ಬಂದು ಮತ್ತೆ ಫ್ರೀಜರಿಗೆ ಹೋದ ಮೀನು ಹಿಂಡಿದ ಬಟ್ಟೆಯ ಹಾಗೆ ನೀರು ಬಿಡುತ್ತದೆ.

ಕರಗಿದ ತುಂಡಿನ ಮೇಲೆ ಬೆರಳು ಆಡಿಸಿ ನೋಡಿ. ನಡುಭಾಗದಲ್ಲಿ ಸಾಲಾಗಿ ಮುಳ್ಳಿನ ತುದಿ ತಾಗಿದರೆ ಚಿಮ್ಮಟದಲ್ಲಿ ಹಿಡಿದು, ಅದು ವಾಲಿದ ದಿಕ್ಕಿಗೇ ಎಳೆದು ತೆಗೆಯಿರಿ. ಹುರುಪೆ ಉಳಿದಿದ್ದರೆ ಚಾಕುವಿನ ಬೆನ್ನಿನಿಂದ ಕೆರೆಯಿರಿ. ಚರ್ಮ ಮಾತ್ರ ತೆಗೆಯಬೇಡಿ. ಮೀನನ್ನು ಉರಿಯಿಂದ ಕಾಯುವುದು ಅದೇ.

ಹುಳಿ ಹಚ್ಚಿ ಒಂದು ಗಂಟೆ ಇಟ್ಟೆ ಅಂತ ಬರೆದಿದ್ದೀರಿ. ನಮ್ಮ ಕಡೆ ಅದು ಕೈಗೆ ಅಂಟಿದ ಅಭ್ಯಾಸ, ಯಾಕೆಂದರೆ ಮೀನಿನ ವಾಸನೆಗೆ ಕಾರಣವಾದ ವಸ್ತುವನ್ನು ಹುಳಿ ಕಟ್ಟಿಹಾಕುತ್ತದೆ. ಸಾಲ್ಮನ್‌ಗೆ ಆ ಕೆಲಸ ಬೇಕಿಲ್ಲ. ನಿಂಬೆರಸ ಒಂದು ಗಂಟೆ ಕೂತರೆ ಮೀನಿನ ಮೈ ಬೆಂಕಿ ಕಾಣುವ ಮೊದಲೇ ಬೆಂದ ಹಾಗೆ ಬೆಳ್ಳಗಾಗುತ್ತದೆ. ಆಮೇಲೆ ಕಾವಲಿಗೆ ಹಾಕಿದರೆ ಸುಣ್ಣದ ಪುಡಿ ತಿಂದ ಹಾಗೆ. ಅರಸಿನವೂ ಬೇಡ, ಸಾಲ್ಮನ್‌ನ ಸಣ್ಣ ರುಚಿಯನ್ನು ಅದು ನುಂಗಿಬಿಡುತ್ತದೆ. ನಿಂಬೆ ಕೊನೆಗೆ, ತಟ್ಟೆಯಲ್ಲಿ.

ಹುಳಿಯ ಬದಲು ಉಪ್ಪುನೀರು. ಒಂದು ಲೀಟರ್ ತಣ್ಣೀರಿಗೆ 60 ಗ್ರಾಂ ಉಪ್ಪು ಕರಗಿಸಿ, ತುಂಡುಗಳನ್ನು 10ರಿಂದ 15 ನಿಮಿಷ ಮುಳುಗಿಸಿಡಿ. ನಿಮಗೆ ಎರಡೇ ತುಂಡಾದ್ದರಿಂದ ಅರ್ಧ ಲೀಟರ್ ನೀರು, 30 ಗ್ರಾಂ ಉಪ್ಪು ಧಾರಾಳ. ಇದರಿಂದ ಎರಡು ಲಾಭ. ಉಪ್ಪು ಸಮನಾಗಿ ಹಿಡಿಯುತ್ತದೆ. ನಿಮ್ಮನ್ನು ಕಾಡಿದ ಆ ಬಿಳಿ ಮೊಸರೂ ಕಡಿಮೆಯಾಗುತ್ತದೆ. ಅದು ಕೊಬ್ಬು ಅಂತ ಕೆಲವರು ಒರೆಸಿ ಎಸೆಯುತ್ತಾರೆ, ಮೀನು ಹಾಳಾಗಿದೆ ಅಂತ ಕೆಲವರು ಹೆದರುತ್ತಾರೆ. ಎರಡೂ ಅಲ್ಲ. ಅದು ಅಲ್ಬುಮಿನ್ ಎಂಬ ಪ್ರೋಟೀನ್. ಬಿಸಿ ಏರಿದಂತೆ ಮಾಂಸದ ಎಳೆಗಳು ಕುಗ್ಗಿ ಒಳಗಿನ ರಸವನ್ನು ಹೊರಗೆ ತಳ್ಳುತ್ತವೆ, ಹೊರಗೆ ಬಂದದ್ದು ಅಲ್ಲೇ ಹೆಪ್ಪಾಗುತ್ತದೆ. ಸ್ವಲ್ಪ ಬಂದರೆ ಚಿಂತೆ ಇಲ್ಲ. ಮೈತುಂಬ ಬಂತು ಅಂದರೆ ಒಳಗಿನ ರಸ ಅಷ್ಟೂ ಹೋಯಿತು, ಮೀನು ಮಿತಿ ಮೀರಿ ಬೆಂದಿದೆ ಅಂತ ಲೆಕ್ಕ. ನಿಮಗೆ ಆದದ್ದು ಅದೇ.

ಉಪ್ಪುನೀರಿನಿಂದ ತೆಗೆದ ಮೇಲೆ ಒಣ ಬಟ್ಟೆಯಿಂದ ಒತ್ತಿ ಒತ್ತಿ ಒರೆಸಿ. ಚರ್ಮದ ಬದಿ ಇನ್ನೂ ಸ್ವಲ್ಪ ಜಾಸ್ತಿ. ಒದ್ದೆ ಚರ್ಮ ಕಾವಲಿಗೆ ಬಿದ್ದರೆ ಮೊದಲು ಆ ನೀರು ಆವಿಯಾಗಬೇಕು, ಅಷ್ಟರಲ್ಲಿ ಚರ್ಮ ಹಿಡಿದುಬಿಡುತ್ತದೆ.

ಕಾವಲಿ ಯಾವುದು? ನಾನ್‌ಸ್ಟಿಕ್ ಇದ್ದರೆ ಅದೇ ಸಾಕು, ನಾಚಿಕೆ ಏನೂ ಬೇಡ. ಚೆನ್ನಾಗಿ ಪಳಗಿದ ಕಬ್ಬಿಣದ್ದೂ ಆಗುತ್ತದೆ. ದೋಸೆ ಕಾವಲಿಯನ್ನು ಮಾತ್ರ ಮುಟ್ಟಬೇಡಿ. ಮರುದಿನ ಬೆಳಿಗ್ಗೆ ಮನೆಯವರೆಲ್ಲ ದೋಸೆ ಮೂಸಿ ನೋಡುವ ಹಾಗಾಗುತ್ತದೆ. ಎಣ್ಣೆ ಒಂದು ಚಮಚ, ಸೂರ್ಯಕಾಂತಿಯದ್ದೋ ಅಥವಾ ತುಪ್ಪವೋ. ತೆಂಗಿನೆಣ್ಣೆ ನನಗೂ ಪ್ರೀತಿಯೇ. ಬೂತಾಯಿಗೆ ಅದಿಲ್ಲದೆ ಆಗುವುದೇ ಇಲ್ಲ. ಆದರೆ ಇಲ್ಲಿ ಅದರ ಪರಿಮಳ ಬೆಣ್ಣೆಯ ಜೊತೆಗೂ ಸೊಪ್ಪಿನ ಜೊತೆಗೂ ಜಗಳಕ್ಕೆ ನಿಲ್ಲುತ್ತದೆ.

ಬೆಣ್ಣೆಯಲ್ಲೇ ಯಾಕೆ ಕಾಯಿಸಬಾರದು ಅಂದರೆ, ಪೇಟೆಯ ಬೆಣ್ಣೆಯಲ್ಲಿ ಕಡಿಮೆ ಅಂದರೂ ನೂರಕ್ಕೆ 80 ಪಾಲು ಕೊಬ್ಬು, 16ರವರೆಗೆ ನೀರು, ಉಳಿದದ್ದು ಉಪ್ಪು ಮತ್ತು ಹಾಲಿನ ಗಸಿ. ಕಾವಲಿಗೆ ಹಾಕಿದ ಕೂಡಲೇ ನೊರೆ ಎದ್ದು ಸದ್ದು ಮಾಡುವುದು ಆ ನೀರು. ನೊರೆ ಇಳಿದು ಸದ್ದು ನಿಂತಿತು ಅಂದರೆ ನೀರು ಮುಗಿಯಿತು, ಇನ್ನು ಗಸಿಯ ಸರದಿ. ಅದು ಮೊದಲು ಹೊಂಬಣ್ಣ, ಆಮೇಲೆ ಕಂದು, ನೋಡನೋಡುತ್ತಲೇ ಕಪ್ಪು. ತುಪ್ಪ ಕಾಸುವಾಗ ನೀವು ಇದನ್ನೇ ಅಲ್ವಾ ಕಾಯುತ್ತಾ ನಿಲ್ಲುವುದು? ತುಪ್ಪದಲ್ಲಿ ಆ ಗಸಿಯನ್ನು ಸೋಸಿ ತೆಗೆಯುತ್ತೇವೆ, ಅದಕ್ಕೇ ಅದು ಜೋರು ಬಿಸಿ ತಡೆಯುತ್ತದೆ.

ಇನ್ನು ಕಾಯಿಸುವುದು. ಉರಿ ಮಧ್ಯಮ. ಎಣ್ಣೆ ಬಿಸಿಯಾದ ಮೇಲೆ ಚರ್ಮದ ಬದಿ ಕೆಳಗೆ ಮಾಡಿ ತುಂಡನ್ನು ಇಡಿ. ಇಟ್ಟ ಕೂಡಲೇ ಚರ್ಮ ಸುರುಟಿಕೊಂಡು ನಡು ಮೇಲೇಳುತ್ತದೆ. ಸಟ್ಟುಗದಿಂದ 10-15 ಸೆಕೆಂಡ್ ಮೆತ್ತಗೆ ಒತ್ತಿ ಹಿಡಿಯಿರಿ. ಆಮೇಲೆ ಕೈ ಹಾಕಬೇಡಿ. ಎತ್ತಿ ನೋಡುವುದು, ತಿರುಗಿಸುವುದು, ಜರುಗಿಸುವುದು ಯಾವುದೂ ಬೇಡ. ಮೀನನ್ನು ಬದಿಯಿಂದ ನೋಡುತ್ತಾ ನಿಲ್ಲಿ. ಹಸಿ ಮಾಂಸ ಗಾಢ ಕಿತ್ತಳೆ, ಬೆಳಕಿಗೆ ಹಿಡಿದ ಕಾಗದದ ಹಾಗೆ ಸ್ವಲ್ಪ ಪಾರದರ್ಶಕ. ಬೆಂದದ್ದು ಮಸುಕು ಗುಲಾಬಿ. ಕೆಳಗಿನಿಂದ ಆ ಗುಲಾಬಿ ಪಟ್ಟಿ ನಿಧಾನಕ್ಕೆ ಮೇಲೇರುವುದು ಬರಿಗಣ್ಣಿಗೇ ಕಾಣುತ್ತದೆ. ಎರಡೂವರೆ ಸೆಂಟಿಮೀಟರ್ ದಪ್ಪದ ತುಂಡಿಗೆ ಆ ಪಟ್ಟಿ ಮುಕ್ಕಾಲು ಭಾಗ ಏರಲು ಆರೇಳು ನಿಮಿಷ ಬೇಕು. ಗಡಿಯಾರಕ್ಕಿಂತ ಈ ಪಟ್ಟಿಯನ್ನು ನಂಬಿ, ನಿಮ್ಮ ಒಲೆಯ ಉರಿ ನನಗೆ ಗೊತ್ತಿಲ್ಲವಲ್ಲ. ಚರ್ಮ ಸರಿಯಾಗಿ ಬೆಂದಿದ್ದರೆ ತುಂಡು ತಾನಾಗಿ ಕಾವಲಿ ಬಿಡುತ್ತದೆ. ಮುಕ್ಕಾಲು ಏರಿತು ಅಂದರೆ ಮಗುಚಿ ಹಾಕಿ, ಉರಿ ಸಣ್ಣ ಮಾಡಿ, ಒಂದೋ ಒಂದೂವರೆಯೋ ನಿಮಿಷ. ಸಾಕು, ತೆಗೆದುಬಿಡಿ.

ತೆಗೆಯುವಾಗ ‘ಇನ್ನೂ ಸ್ವಲ್ಪ ಬೇಕಿತ್ತೇನೋ’ ಅಂತ ಅನಿಸಬೇಕು. ತಟ್ಟೆಯಲ್ಲಿ ಕೂತ ಮೇಲೂ ಒಳಗಿನ ಬಿಸಿ ಮೂರ್ನಾಲ್ಕು ಡಿಗ್ರಿ ಏರುತ್ತದೆ. ಪರೀಕ್ಷೆಗೆ ತೆಳ್ಳಗಿನ ಚಾಕುವಿನ ತುದಿಯನ್ನು ದಪ್ಪ ಭಾಗಕ್ಕೆ ಚುಚ್ಚಿ, ಐದು ಸೆಕೆಂಡ್ ಬಿಟ್ಟು ತೆಗೆದು ಕೆಳತುಟಿಗೆ ತಾಗಿಸಿ. ತಣ್ಣಗಿದ್ದರೆ ಇನ್ನೂ ಹಸಿ. ಬೆಚ್ಚಗಿದ್ದರೆ ಸರಿ. ಚುರ್ ಅಂದರೆ ಮೀರಿ ಹೋಯಿತು. ಅಡುಗೆಯ ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಹೋಟೆಲಿನವರು 50-52 ಡಿಗ್ರಿಗೆ ತೆಗೆಯುತ್ತಾರೆ, ನಡು ಮೆತ್ತಗೆ ಹೊಳೆಯುತ್ತಿರುತ್ತದೆ. ನಿಮ್ಮ ಮಗ ದುಬೈಯಲ್ಲಿ ತಿಂದದ್ದು ಬಹುಶಃ ಹಾಗಿರುವುದೇ. ಮನೆಯವರಿಗೆ ಅದು ಹಸಿ ಅನಿಸಬಹುದು, ಅದಕ್ಕೆ 55ಕ್ಕೆ ತೆಗೆಯಿರಿ. ಬಸುರಿಯರು, ಸಣ್ಣ ಮಕ್ಕಳು, ವಯಸ್ಸಾದವರು, ಕಾಯಿಲೆಯಿಂದ ಎದ್ದವರು ತಿನ್ನುವುದಾದರೆ ಈ ಮಾತೆಲ್ಲ ಬದಿಗಿಡಿ. ಅಮೆರಿಕದ ಸರಕಾರಿ ಸಲಹೆಯ 63 ಡಿಗ್ರಿಯನ್ನೇ ಪಾಲಿಸಿ. ಸ್ವಲ್ಪ ಒಣಗುತ್ತದೆ, ಸಾಸ್ ಅದನ್ನು ಸರಿದೂಗಿಸುತ್ತದೆ.

ಈಗ ನಿಮ್ಮ ದೊಡ್ಡ ಪ್ರಶ್ನೆ, ಸೊಪ್ಪು. ಪಾರ್ಸ್ಲಿಗಾಗಿ ಮಂಗಳೂರಿಗೆ ಓಡುವುದು ಬೇಡ. ನಮ್ಮ ಹಿತ್ತಿಲಿನಲ್ಲಿ ಇರುವುದು ಅದಕ್ಕಿಂತ ಜೋರಿನದ್ದು. ಡಿಲ್ ಅಂದರೆ ನಮ್ಮ ಸಬ್ಬಸಿಗೆಯೇ. ಸಾಲ್ಮನ್‌ಗೂ ಅದಕ್ಕೂ ಯುರೋಪಿನ ಉತ್ತರದವರು ಬಹಳ ಹಿಂದೆಯೇ ಗಂಟು ಹಾಕಿಬಿಟ್ಟಿದ್ದಾರೆ. ಸ್ವೀಡನ್, ನಾರ್ವೆಯವರು ಉಪ್ಪು-ಸಕ್ಕರೆಯಲ್ಲಿ ಕೂಡಿಟ್ಟ ಸಾಲ್ಮನ್‌ಗೂ ಇದೇ ಸೊಪ್ಪು ಹಾಕುತ್ತಾರೆ. ಕಾಸರಗೋಡಿನ ಅಂಗಡಿಗಳಲ್ಲಿ ಸಬ್ಬಸಿಗೆ ಅಪರೂಪ, ನಮ್ಮವರು ಅದನ್ನು ಅಷ್ಟಾಗಿ ಬಳಸುವುದಿಲ್ಲ. ಮಂಗಳೂರು, ಪುತ್ತೂರು ಕಡೆ ಘಟ್ಟದ ತರಕಾರಿಯ ಜೊತೆ ಬರುತ್ತದೆ. ಮಳೆ ನಿಂತ ಮೇಲೆ ಒಂದು ಅಗಲ ಚಟ್ಟಿಯಲ್ಲಿ ಬೀಜ ಉದುರಿಸಿದರೆ ಒಂದೂವರೆ ತಿಂಗಳಲ್ಲಿ ಕೊಯ್ಯುವಷ್ಟು ಸೊಪ್ಪು ನಿಮ್ಮ ಅಂಗಳದಲ್ಲೇ.

ಅದಕ್ಕಿಂತ ನನಗೆ ಇಷ್ಟವಾದದ್ದು ಸಾಂಬ್ರಾಣಿ ಸೊಪ್ಪು. ಘಟ್ಟದ ಮೇಲಿನವರು ದೊಡ್ಡಪತ್ರೆ ಅನ್ನುತ್ತಾರೆ, ಅಂಗಡಿಯಲ್ಲಿ ಮಲಯಾಳದಲ್ಲಿ ಕೇಳುವುದಾದರೆ ಪನಿಕೂರ್ಕ. ಮಕ್ಕಳ ಶೀತಕ್ಕೆ ರಸ ತೆಗೆಯಲು, ತಂಬುಳಿಗೆ ಅಂತ ಪ್ರತಿ ಮನೆಯ ಬಾವಿಕಟ್ಟೆಯ ಹತ್ತಿರವೂ ಒಂದು ಬುಡ ಇರುತ್ತದೆ. ಇಟಲಿಯವರ ಓರೆಗಾನೊ, ಫ್ರಾನ್ಸಿನವರ ಥೈಮ್‌ನಲ್ಲಿ ಇರುವ ಕಾರ್ವಕ್ರಾಲ್, ಥೈಮಾಲ್ ಎಂಬ ಘಮದ ಎಣ್ಣೆಗಳೇ ಇದರಲ್ಲೂ ಇರುವುದು. ಹೋಟೆಲಿನ ಸಾಸಿನಲ್ಲಿ ಥೈಮ್ ಮಾಡುವ ಕೆಲಸವನ್ನು ಇದು ಇನ್ನಷ್ಟು ಜೋರಾಗಿ ಮಾಡುತ್ತದೆ. ಎರಡೇ ಎಲೆ ಸಾಕು. ನಾಲ್ಕು ಹಾಕಿದರೆ ಸಾಸ್ ಕಷಾಯ ಆಗಿಬಿಡುತ್ತದೆ.

ಇವುಗಳ ಜೊತೆ ಕೊತ್ತಂಬರಿ ಸೊಪ್ಪು ಒಂದು ಹಿಡಿ. ಕಾಮಕಸ್ತೂರಿ ಇದ್ದರೆ ಐದಾರು ಎಲೆ. ಪುದೀನ ನಾನು ಹಾಕುವುದಿಲ್ಲ, ಬಾಯಿಗೆ ಬಿರಿಯಾನಿಯ ನೆನಪೇ ಬರುತ್ತದೆ. ಖಾರಕ್ಕೆ ಜೀರಿಗೆಮೆಣಸು, ಅಂದರೆ ಗಾಂಧಾರಿ, ಒಂದೋ ಎರಡೋ. ಒಳ್ಳೆಮೆಣಸು, ಅಂದರೆ ಕಾಳುಮೆಣಸು, ಆಗಷ್ಟೇ ಜಜ್ಜಿದ್ದು ಕಾಲು ಚಮಚ. ಕರಿಬೇವು ಬೇಕೇಬೇಕು ಅನಿಸಿದರೆ ತುಪ್ಪದಲ್ಲಿ ಗರಿಗರಿ ಹುರಿದು ಮೇಲೆ ಉದುರಿಸಿ, ಸಾಸಿನ ಒಳಗೆ ಬೇಡ.

ಸೊಪ್ಪಿನಲ್ಲಿ ಎರಡು ಜಾತಿ ಅಂತ ನೆನಪಿಡಿ. ಸಾಂಬ್ರಾಣಿ ಬಿಸಿ ತಡೆಯುತ್ತದೆ, ಅದನ್ನು ನೀರುಳ್ಳಿಯ ಜೊತೆಗೇ ಹಾಕಬಹುದು. ಸಬ್ಬಸಿಗೆ, ಕೊತ್ತಂಬರಿ, ಕಾಮಕಸ್ತೂರಿ ತಡೆಯುವುದಿಲ್ಲ. ಅವುಗಳ ಘಮ ಬಿಸಿಗೆ ಹಾರಿಹೋಗುತ್ತದೆ. ಹುಳಿಯೂ ಬಿಸಿಯೂ ಸೇರಿದರೆ ಹಸಿರು ಹೋಗಿ ಒಣ ಬಾಳೆಲೆಯ ಬಣ್ಣ ಬರುತ್ತದೆ. ಆದ್ದರಿಂದ ಅವು ಕೊನೆಯಲ್ಲಿ, ಉರಿ ಆರಿಸಿದ ಮೇಲೆ. ತೊಳೆದ ಸೊಪ್ಪನ್ನು ಬಟ್ಟೆಯ ಮೇಲೆ ಹರಡಿ ಪೂರ್ತಿ ಒಣಗಲು ಬಿಡಿ. ಹರಿತವಾದ ಚಾಕುವಿನಿಂದ ಒಂದೇ ಸಲಕ್ಕೆ ಸಣ್ಣಗೆ ಹೆಚ್ಚಿ. ಮಿಕ್ಸಿಗೆ ಹಾಕಿದರೆ ಚಟ್ನಿ ಆಗುತ್ತದೆ, ಬೆಣ್ಣೆ ಸಾಸ್ ಆಗುವುದಿಲ್ಲ.

ಮನೆಯ ಬೆಣ್ಣೆ ಆಗುತ್ತದಾ ಅಂತ ಕೇಳಿದ್ದೀರಿ. ಆಗುತ್ತದೆ, ಅದೂ ಚೆನ್ನಾಗಿ. ಮೊಸರು ಕಡೆದು ತೆಗೆದ ಬೆಣ್ಣೆಗೆ ಒಂದು ಸಣ್ಣ ಹುಳಿ ಇರುತ್ತದೆ. ಫ್ರಾನ್ಸಿನಲ್ಲಿ ಹೆಚ್ಚಿನ ಬೆಣ್ಣೆಯೂ ಕೆನೆಯನ್ನು ಹುಳಿ ಬರಿಸಿ ಕಡೆದದ್ದೇ. ಈ ಸಾಸಿಗೆ ಆ ಹುಳಿ ಒಂದು ವರ. ಆದರೆ ಎರಡು ಷರತ್ತು. ಬೆಣ್ಣೆ ಹೊಸದಾಗಿರಬೇಕು. ಕಾಸರಗೋಡು ಗಿಡ್ಡ ತಳಿಯ ದನ ಸಾಕಿದವರಿಗೆ ಗೊತ್ತು, ಅದು ಕೊಡುವ ಸ್ವಲ್ಪ ಹಾಲಿನಲ್ಲಿ ಕೆನೆ ಸೇರಿಸಿ ಸೇರಿಸಿ ಕಡೆಯುವಷ್ಟರಲ್ಲಿ ಹುಳಿ ಏರಿಬಿಡುತ್ತದೆ. ಅಂಥದ್ದು ತುಪ್ಪಕ್ಕೆ ಇರಲಿ. ಎರಡನೆಯದು, ಮನೆಯ ಬೆಣ್ಣೆಯಲ್ಲಿ ಮಜ್ಜಿಗೆ ಉಳಿದಿರುತ್ತದೆ. ತಣ್ಣೀರಿನಲ್ಲಿ ಮೂರ್ನಾಲ್ಕು ಸಲ ತೊಳೆದು, ಕೈಯಲ್ಲಿ ಒತ್ತಿ ನೀರು ತೆಗೆದು, ಉಂಡೆ ಮಾಡಿ ಫ್ರಿಜ್ಜಿನಲ್ಲಿ ಗಟ್ಟಿಯಾಗಲು ಬಿಡಿ. ಉಪ್ಪು ನೀವೇ ಹಾಕಬೇಕು. ಪೇಟೆಯ ಹಳದಿ ಬೆಣ್ಣೆಯಾದರೆ ಅದರಲ್ಲೇ ಉಪ್ಪಿದೆ, ಮೀನೂ ಉಪ್ಪುನೀರು ಕುಡಿದಿದೆ. ಸಾಸಿಗೆ ಮತ್ತೆ ಉಪ್ಪು ಹಾಕಲೇಬೇಡಿ.

ಎರಡು ತುಂಡಿಗೆ ಲೆಕ್ಕ ಹೇಳುತ್ತೇನೆ. ತಣ್ಣಗಿನ ಬೆಣ್ಣೆ 60 ಗ್ರಾಂ, ಸಕ್ಕರೆ ಕ್ಯೂಬಿನಷ್ಟು ದೊಡ್ಡ ತುಂಡುಗಳಾಗಿ ಕತ್ತರಿಸಿ ಮತ್ತೆ ಫ್ರಿಜ್ಜಿನಲ್ಲೇ ಇಡಿ. ಸಣ್ಣ ನೀರುಳ್ಳಿ ಮೂರು, ಬೆಳ್ಳುಳ್ಳಿ ಒಂದು ಎಸಳು, ಎರಡೂ ತೀರ ಸಣ್ಣಗೆ ಹೆಚ್ಚಿದ್ದು. ವಿನೆಗರ್ ಒಂದು ದೊಡ್ಡ ಚಮಚ. ತೆಂಗಿನ ಕಳ್ಳಿನ ವಿನೆಗರ್ ಸಿಕ್ಕಿದರೆ ಅದರ ರುಚಿಯೇ ಬೇರೆ. ನೀರು ಮೂರು ದೊಡ್ಡ ಚಮಚ. ಹೆಚ್ಚಿದ ಸೊಪ್ಪು ಎಲ್ಲ ಸೇರಿ ಅರ್ಧ ಕಪ್. ಅರ್ಧ ನಿಂಬೆ.

ಪಾತ್ರೆ ಸ್ಟೀಲಿನದ್ದು, ತಳ ದಪ್ಪ ಇರಬೇಕು. ಕಬ್ಬಿಣ ಬೇಡ. ಹುಳಿ ತಾಗಿದರೆ ಸಾಸಿಗೆ ಕಬ್ಬಿಣದ ಒಗರು ಬರುತ್ತದೆ. ನೀರುಳ್ಳಿ, ಬೆಳ್ಳುಳ್ಳಿ, ಸಾಂಬ್ರಾಣಿ, ಸೀಳಿದ ಜೀರಿಗೆಮೆಣಸು, ವಿನೆಗರ್, ನೀರು ಎಲ್ಲ ಹಾಕಿ ಸಣ್ಣ ಉರಿಯಲ್ಲಿ ಕುದಿಸಿ. ಪಾತ್ರೆ ಓರೆ ಮಾಡಿದರೆ ಒಂದು ದೊಡ್ಡ ಚಮಚದಷ್ಟು ರಸ ಮಾತ್ರ ಕಾಣಬೇಕು. ಇಷ್ಟನ್ನು ಮೀನು ಕಾವಲಿಗೆ ಹಾಕುವ ಮೊದಲೇ ಮಾಡಿಟ್ಟುಕೊಳ್ಳಬಹುದು.

ಇನ್ನು ಒಡೆಯುವ ಜಾಗಕ್ಕೆ ಬಂದೆವು. ಬೆಣ್ಣೆ ಅಂದರೆ ಕೊಬ್ಬಿನ ಒಳಗೆ ನೀರಿನ ಸಣ್ಣ ಹನಿಗಳು. ಸಾಸ್ ಅಂದರೆ ತಿರುಗುಮುರುಗು, ನೀರಿನ ಒಳಗೆ ಕೊಬ್ಬಿನ ಹನಿಗಳು. ಆ ಹನಿಗಳನ್ನು ಬಿಡಿಬಿಡಿಯಾಗಿ ಹಿಡಿದಿಡುವುದು ಬೆಣ್ಣೆಯಲ್ಲೇ ಇರುವ ಹಾಲಿನ ಅಂಶ. 58 ಡಿಗ್ರಿ ದಾಟಿತು ಅಂದರೆ ಆ ಹಿಡಿತ ತಪ್ಪುತ್ತದೆ, ಹನಿಗಳು ಒಂದಕ್ಕೊಂದು ಸೇರಿ ಮೇಲೆ ಹಳದಿ ಎಣ್ಣೆ ತೇಲುತ್ತದೆ. ನೀವು ಕುದಿಯುವ ಕಡೆಗೆ ಬೆಣ್ಣೆ ಹಾಕಿರಬೇಕು. ಕುದಿ ಅಂದರೆ 100 ಡಿಗ್ರಿ, ಅಲ್ಲಿ ಯಾವ ಸಾಸೂ ನಿಲ್ಲುವುದಿಲ್ಲ.

ಹಾಗಾಗಿ ರಸ ಬತ್ತಿದ ಮೇಲೆ ಪಾತ್ರೆಯನ್ನು ಒಲೆಯಿಂದ ಕೆಳಗಿಡಿ. ಅರ್ಧ ನಿಮಿಷ ಬಿಡಿ. ತಣ್ಣನೆ ಬೆಣ್ಣೆಯ ಎರಡು ತುಂಡು ಹಾಕಿ ಕಡೆಯುವ ತಂತಿಯ ವಿಸ್ಕ್‌ನಿಂದಲೋ ಮುಳ್ಳುಚಮಚದಿಂದಲೋ ಬಿಡದೆ ತಿರುಗಿಸಿ. ಕರಗುತ್ತಾ ಬಂತು ಅನ್ನುವಾಗ ಇನ್ನೆರಡು. ಪಾತ್ರೆ ತಣ್ಣಗಾಗಿ ಬೆಣ್ಣೆ ಕರಗದೆ ಉಳಿದರೆ ತೀರ ಸಣ್ಣ ಉರಿಯ ಮೇಲೆ ಹತ್ತು ಸೆಕೆಂಡ್ ಹಿಡಿದು ಮತ್ತೆ ಕೆಳಗಿಡಿ. ಪಾತ್ರೆಯ ಹೊರಮೈಯನ್ನು ಅಂಗೈಯಿಂದ ಮುಟ್ಟಲು ಆಗಬೇಕು. ಮುಟ್ಟಲಾಗದಷ್ಟು ಬಿಸಿ ಇದ್ದರೆ ಸಾಸಿಗೂ ಅದು ಜಾಸ್ತಿಯೇ. ಎಲ್ಲ ಬೆಣ್ಣೆ ಸೇರಿದಾಗ ಸಾಸ್ ಪಾರದರ್ಶಕ ಎಣ್ಣೆಯ ಹಾಗೆ ಕಾಣಬಾರದು, ದಪ್ಪ ಹಾಲಿನ ಹಾಗೆ ಮಸುಕು ಇರಬೇಕು. ಚಮಚ ಅದ್ದಿ ಬೆನ್ನಿನ ಮೇಲೆ ಬೆರಳಿನಿಂದ ಗೆರೆ ಎಳೆಯಿರಿ. ಗೆರೆ ಹಾಗೇ ನಿಂತರೆ ಆಯಿತು. ಈಗ ಸೊಪ್ಪು, ಒಳ್ಳೆಮೆಣಸು, ನಿಂಬೆರಸ ಸ್ವಲ್ಪ ಸ್ವಲ್ಪವೇ ಹಾಕಿ ರುಚಿ ನೋಡಿ. ಬರಿ ಸಾಸ್ ನೆಕ್ಕಿದಾಗ ಹುಳಿ ಒಂದು ಪಾಲು ಜಾಸ್ತಿ ಅನಿಸಬೇಕು. ಮೀನಿನ ಜೊತೆ ತಿನ್ನುವಾಗ ಅದು ಸರಿಹೋಗುತ್ತದೆ. ಮರದಲ್ಲಿ ಬೀಂಬುಳಿ ಇದ್ದರೆ ನಿಂಬೆಯ ಬದಲು ಒಂದನ್ನು ಸಾಸಿವೆ ಕಾಳಿನಷ್ಟು ಸಣ್ಣಗೆ ಹೆಚ್ಚಿ ಹಾಕಿ ನೋಡಿ. ನನಗೆ ಅದೇ ಇಷ್ಟ.

ಇಷ್ಟಾದರೂ ಒಡೆದರೆ ಚೆಲ್ಲಬೇಡಿ. ಅಂಚಿನಲ್ಲಿ ಎಣ್ಣೆ ಕಂಡ ಕೂಡಲೇ ಒಂದು ಚಮಚ ಐಸ್‌ನೀರು ಹಾಕಿ ಜೋರಾಗಿ ತಿರುಗಿಸಿ, ಹೆಚ್ಚಿನ ಸಲ ಕೂಡಿಕೊಳ್ಳುತ್ತದೆ. ಪೂರ್ತಿ ಒಡೆದಿದ್ದರೆ ಬೇರೆ ಪಾತ್ರೆಯಲ್ಲಿ ಒಂದು ದೊಡ್ಡ ಚಮಚ ಕ್ರೀಮ್ ಬೆಚ್ಚಗೆ ಮಾಡಿ, ಒಡೆದ ಸಾಸನ್ನು ಹನಿಹನಿಯಾಗಿ ಅದಕ್ಕೆ ಸೇರಿಸುತ್ತಾ ತಿರುಗಿಸಿ. ಧೈರ್ಯ ಸಾಲದಿದ್ದರೆ ಮೊದಲೇ ಬತ್ತಿಸಿದ ರಸಕ್ಕೆ ಆ ಒಂದು ಚಮಚ ಕ್ರೀಮ್ ಹಾಕಿಬಿಡಿ. ಈ ಸಾಸ್ ಮೂಲದಲ್ಲಿ ಫ್ರಾನ್ಸಿನದ್ದು, ಅಲ್ಲಿನ ಸಂಪ್ರದಾಯಸ್ಥರು ಮೂಗು ಮುರಿಯುತ್ತಾರೆ, ಮುರಿಯಲಿ.

ಸಾಸ್ ಮೊದಲೇ ಮಾಡಿ ಬಿಸಿ ಉಳಿಸುವುದು ಹೇಗೆ ಅಂತ ಮುಂದೆ ಕೇಳುತ್ತೀರಿ, ಅದಕ್ಕೆ ಮೊದಲೇ ಹೇಳುತ್ತೇನೆ: ಚಹಾದ ಫ್ಲಾಸ್ಕ್. ಒಳಗೆ ಬಿಸಿನೀರು ಸುರಿದು ಎರಡು ನಿಮಿಷ ಬಿಟ್ಟು ಚೆಲ್ಲಿ, ಸೊಪ್ಪು ಹಾಕದ ಸಾಸನ್ನು ಸುರಿದು ಮುಚ್ಚಿ. ಅರ್ಧ ಗಂಟೆ ಆರಾಮವಾಗಿ ನಿಲ್ಲುತ್ತದೆ. ಸೊಪ್ಪು ಬಡಿಸುವಾಗ. ಚಹಾದ ವಾಸನೆ ಇರುವ ಫ್ಲಾಸ್ಕ್ ಬೇಡ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ.

ಇದೆಲ್ಲ ಇಬ್ಬರು-ನಾಲ್ವರಿಗೆ ಸರಿ. ಮಗ ಬಂದಿದ್ದಾನೆ ಅಂತ ಮಾವ, ಅತ್ತೆ, ಚಿಕ್ಕಮ್ಮನ ಮಕ್ಕಳು ಎಲ್ಲ ಬರುವ ದಿನ ಸಾಸಿನ ಗೊಡವೆ ಬೇಡ. ಬೆಳಿಗ್ಗೆಯೇ ಮೆತ್ತಗಿನ ಬೆಣ್ಣೆಗೆ ಇದೇ ಸೊಪ್ಪು, ಜಜ್ಜಿದ ಬೆಳ್ಳುಳ್ಳಿ, ನಿಂಬೆಸಿಪ್ಪೆಯ ಹೊರಗಿನ ತುರಿ, ಒಳ್ಳೆಮೆಣಸು ಕಲಸಿ, ಬಾಡಿಸಿದ ಬಾಳೆಲೆಯಲ್ಲಿ ಉದ್ದಕ್ಕೆ ಸುತ್ತಿ ಫ್ರಿಜ್ಜಿನಲ್ಲಿಡಿ. ಬಿಸಿ ಮೀನಿನ ಮೇಲೆ ಒಂದೊಂದು ಬಿಲ್ಲೆ ಕತ್ತರಿಸಿ ಇಟ್ಟರೆ ತಾನಾಗಿ ಕರಗುತ್ತದೆ. ಒಡೆಯುವ ಮಾತೇ ಇಲ್ಲ. ರುಚಿಯಲ್ಲಿ ಸಾಸಿಗಿಂತ ಒಂದು ಕೈ ಕಡಿಮೆ, ನೆಮ್ಮದಿಯಲ್ಲಿ ಎರಡು ಕೈ ಜಾಸ್ತಿ.

ಬಡಿಸುವಾಗ ಸಾಸನ್ನು ತಟ್ಟೆಗೆ ಹಾಕಿ, ಅದರ ಮೇಲೆ ಚರ್ಮ ಮೇಲಾಗಿ ಮೀನು ಇಡಿ. ಮೇಲಿನಿಂದ ಸುರಿದರೆ ಗರಿಗರಿ ಚರ್ಮ ಒದ್ದೆಯಾಗಿ ಹೋಗುತ್ತದೆ, ಅಷ್ಟು ಹೊತ್ತು ಕಾದದ್ದು ದಂಡ. ಜೊತೆಗೆ ನೀರುದೋಸೆಯಷ್ಟು ಒಪ್ಪುವುದು ಇನ್ನೊಂದಿಲ್ಲ. ಸಾಸನ್ನು ಒರೆಸಿ ತಿನ್ನಲು ಅದೇ ಸರಿ. ಪತ್ತಿರಿಯೂ ಆಗುತ್ತದೆ. ಕುಚ್ಚಲಕ್ಕಿ ಅನ್ನಕ್ಕೆ ಈ ಸಾಸ್ ಹೊಂದುವುದಿಲ್ಲ ಅಂತ ನನ್ನ ಅಭಿಪ್ರಾಯ, ನಿಮ್ಮ ಮನೆಯವರು ಒಪ್ಪದೆ ಇರಬಹುದು.

ಆ ಎರಡು ತುಂಡು ಮುಗಿದ ಮೇಲೆ ಪ್ರತಿ ಸಲ ಸಾಲ್ಮನ್ನೇ ತರಬೇಕಿಲ್ಲ, ಅದರ ದರ ನಿಮಗೆ ಗೊತ್ತೇ ಇದೆ. ಇದೇ ಸಾಸ್ ರಾವಸಿಗೆ, ಕಾಣೆಗೆ, ಮುರುಮೀನಿಗೆ ಚೆನ್ನಾಗಿ ಹೊಂದುತ್ತದೆ. ಇವು ಕೊಬ್ಬು ಕಡಿಮೆಯ ಬಿಳಿ ಮೀನುಗಳು, ಬೆಣ್ಣೆಯನ್ನು ಇನ್ನೂ ಖುಷಿಯಿಂದ ತೆಗೆದುಕೊಳ್ಳುತ್ತವೆ. ಆದರೆ ಇವನ್ನು ಪೂರ್ತಿ ಬೇಯಿಸಿ, ಮುಳ್ಳುಚಮಚ ತಾಗಿಸಿದರೆ ಪದರ ಬಿಡುವಷ್ಟು. ಬಂಗುಡೆಗೂ ಬೂತಾಯಿಗೂ ಇದನ್ನು ಮಾಡಬೇಡಿ, ಅವಕ್ಕೆ ಮೆಣಸಿನ ಮಸಾಲೆಯೇ ಸರಿ. ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ ಕೇರಳದಲ್ಲಿ ಟ್ರಾಲಿಂಗ್ ನಿಷೇಧದ 52 ದಿನ ಇರುತ್ತದಲ್ಲ, ದೊಡ್ಡ ಮೀನು ಸಿಗದೆ ದರ ಏರುವ ಆ ಹೊತ್ತಿನಲ್ಲಿ ಮಾತ್ರ ಫ್ರೋಜನ್ ಸಾಲ್ಮನ್ ಅಷ್ಟೇನೂ ದುಬಾರಿ ಅನಿಸುವುದಿಲ್ಲ. ಆಗ ಕೊತ್ತಂಬರಿ ಮಳೆಗೆ ಕೊಳೆತು ಬರುತ್ತದೆ, ಸಾಂಬ್ರಾಣಿ ಮಾತ್ರ ಸೊಂಪಾಗಿರುತ್ತದೆ.

ಉಳಿದದ್ದರ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಉಳಿದ ಸಾಸನ್ನು ಮತ್ತೆ ಬಿಸಿ ಮಾಡಿದರೆ ಒಡೆಯುವುದು ಖಂಡಿತ. ಫ್ರಿಜ್ಜಿನಲ್ಲಿಟ್ಟರೆ ಸೊಪ್ಪಿನ ಬೆಣ್ಣೆಯಾಗಿ ಗಟ್ಟಿಯಾಗುತ್ತದೆ, ಎರಡು ದಿನದ ಒಳಗೆ ಬಿಸಿ ಚಪಾತಿಗೋ ಬೇಯಿಸಿದ ಗೆಣಸಿಗೋ ಹಚ್ಚಿ ಮುಗಿಸಿ. ಉಳಿದ ಮೀನನ್ನೂ ಕಾವಲಿಗೆ ಮತ್ತೆ ಹಾಕಬೇಡಿ. ತಣ್ಣಗೇ ಬಿಡಿಸಿ, ನೀರುಳ್ಳಿ, ಜೀರಿಗೆಮೆಣಸು, ನಿಂಬೆರಸ ಹಾಕಿ ಕಲಸಿ ಬ್ರೆಡ್ಡಿನ ನಡುವೆ ಇಟ್ಟು ಮರುದಿನ ಬೆಳಿಗ್ಗೆ ಮಗನಿಗೆ ಕೊಡಿ.